ಮಾರ್ವೆಯ ಹಸಿರು ಗುಂಡ

ನಮ್ಮ ಭಾವನಂಥ ಕಳ್ಳ ಇಡೀ ಮುಂಬಯಿಯಲ್ಲಿ ಇನ್ನೊಬ್ಬ ಇರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ! ಉಳಿದ ಕಳ್ಳರು ಯಾರನ್ನೂ ಕೇಳದೆ ಕದಿಯುತ್ತಾರೆ. ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಭಾವ ಹನ್ನೊಂದು ಜನರ ಅಪ್ಪಣೆ ಪಡೆದು, ಮೇಲಿಂದ ದೇವರ ಅಪ್ಪಣೆಯನ್ನೂ ಪಡೆದು, ಅವೆಲ್ಲವನ್ನೂ ಒಂದು ಫೈಲಿನಲ್ಲಿ ದಾರ ಕಟ್ಟಿ ಇಟ್ಟುಕೊಂಡು, ಆಮೇಲೆ ಕದ್ದವರು. ಕಳ್ಳ ಎಂಬ ಮಾತು ನನ್ನದಲ್ಲ, ದಯವಿಟ್ಟು ನನ್ನ ಅಕ್ಕನಿಗೆ ಚಾಡಿ ಹೇಳಬೇಡಿ. ಫೋರ್ಟ್ ಬಡಾವಣೆಯ ಒಬ್ಬ ವಕೀಲರು ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಒಂದೂವರೆ ಪುಟದಷ್ಟು ಉದ್ದಕ್ಕೆ ಎಳೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದರು. ಅದನ್ನು ಕನ್ನಡದಲ್ಲಿ ಓದಿ ಹೇಳುವ ಪಾಪದ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಭಾವ ಎಂದರೆ ನನ್ನ ಅಕ್ಕನ ಗಂಡ, ಉಡುಪಿ ಕಡೆಯವರು. ಅಪ್ಪಣೆ ಕೇಳುವುದು ಅವರ ಹುಟ್ಟುಗುಣ. ಲೋಕಲ್ ಟ್ರೇನಿನಲ್ಲಿ ಮೂರು ಜನರ ಸೀಟಿನ ಅಂಚಿಗೆ ನಾಲ್ಕನೆಯವನು ಕೂರುವುದು ಮುಂಬಯಿಯ ಕಾಯಿದೆ. ‘ಥೋಡಾ ಸರ್ಕೋ’, ಸ್ವಲ್ಪ ಸರಿಯಪ್ಪಾ, ಎಂದು ತೊಡೆಯಿಂದ ದೂಡಿದರೆ ಆಯಿತು. ಭಾವ ಮೂವರನ್ನೂ ಒಬ್ಬೊಬ್ಬರಾಗಿ ಕೇಳುತ್ತಿದ್ದರು. ಒಮ್ಮೆ ಇಬ್ಬರು ಒಪ್ಪಿದರು, ಕಿಟಕಿ ಬದಿಯವನು ನಿದ್ದೆಯಲ್ಲಿದ್ದ. ಅವನು ಏಳಲಿ ಎಂದು ಭಾವ ಮಲಾಡಿನಿಂದ ಚರ್ಚ್‌ಗೇಟಿನವರೆಗೆ ನಿಂತೇ ಬಂದರು!

“ಕೂತ್ಕೊಳ್ಳಬಾರದಿತ್ತಾ ಭಾವ?” ಎಂದರೆ, “ಅವನ ಅಭಿಪ್ರಾಯ ಗೊತ್ತಾಗ್ಲಿಲ್ಲ ಅಲ್ವಾ ಮಾರಾಯ” ಎಂಬ ಉತ್ತರ.

ಮನೆಯಲ್ಲೂ ಹಾಗೆಯೇ. ಫ್ರಿಜ್ಜಿನ ಬಾಗಿಲು ತೆಗೆಯುವ ಮೊದಲು ಅಕ್ಕನನ್ನು ಕೇಳುತ್ತಿದ್ದರು. “ಫ್ರಿಜ್ಜು ನಿಮ್ದೇ, ಒಳಗಿರುವ ಮಜ್ಜಿಗೆಯೂ ನಿಮ್ದೇ, ನನ್ನ ತಲೆ ತಿನ್ಬೇಡಿ” ಎಂದು ಅಕ್ಕ ಗದರಿಸಿದರೆ, ಅದನ್ನೇ ಅಪ್ಪಣೆ ಎಂದು ತಿಳಿದು ಬಾಗಿಲು ತೆಗೆಯುತ್ತಿದ್ದರು. ಇನ್ನು ಸ್ವಲ್ಪ ದೊಡ್ಡ ವಿಷಯವಾದರೆ ಅಕ್ಕನ ಅಪ್ಪಣೆ ಸಾಲದು, ಊರಿನ ಅಮ್ಮನವರದ್ದೇ ಬೇಕು. ಊರಿನ ದೇವಸ್ಥಾನದ ಭಟ್ಟರಿಗೆ ಕಾಗದ ಹೋಗುತ್ತಿತ್ತು. ಭಟ್ಟರು ದೇವಿಯ ಮೈಮೇಲೆ ಹೂವಿಟ್ಟು ಪ್ರಸಾದ ಕೇಳುವುದು, ಹೂವು ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಭಟ್ಟರ ಪೋಸ್ಟ್‌ಕಾರ್ಡು ಬರುವವರೆಗೆ ಭಾವ ಹೊಸ ಗ್ರೈಂಡರನ್ನೂ ಕೊಳ್ಳುತ್ತಿರಲಿಲ್ಲ. ಉಡುಪಿಯಲ್ಲಿ ಹೂವು ಬೀಳಬೇಕು, ಮಲಾಡಿನಲ್ಲಿ ಹಿಟ್ಟು ರುಬ್ಬಬೇಕು!

ಇಂಥ ಮನುಷ್ಯ ಕಳ್ಳನಾದದ್ದು ಹೇಗೆ ಎಂದು ಕೇಳುತ್ತೀರಲ್ಲವೇ? ಹೇಳುತ್ತೇನೆ.

ಮಲಾಡಿನಿಂದ ಮಾರ್ವೆಯ ಸಮುದ್ರದ ದಂಡೆಗೆ ಹೋಗುವ ದಾರಿಯಲ್ಲಿ ಭಾವನದೊಂದು ಕ್ಯಾಂಟೀನು ಇತ್ತು. ಅದರ ಹಿಂದೆ, ಬಾಡಿಗೆ ಜಾಗದಲ್ಲಿ, ಅವರೇ ಮಾಡಿದ ಮಕ್ಕಳ ಗಾರ್ಡನ್. ಗಾರ್ಡನ್ ಎಂದರೆ ನಾಲ್ಕು ಜೋಕಾಲಿ, ಒಂದು ಜಾರುಬಂಡೆ, ಸಿಮೆಂಟಿನ ಕೊಳದಲ್ಲಿ ಎರಡು ಪೆಡಲ್ ದೋಣಿ, ಮತ್ತು ಒಂದೂವರೆ ನಿಮಿಷದಲ್ಲಿ ಹೊರಟ ಜಾಗಕ್ಕೇ ಬಂದು ಮುಟ್ಟುವ ಪುಟಾಣಿ ರೈಲು. ಬಾಂದ್ರಾದಿಂದ, ವಡಾಲದಿಂದ, ಎಲ್ಲೆಲ್ಲಿಂದಲೋ ಭಾನುವಾರ ಸಮುದ್ರ ನೋಡಲು ಬಂದವರು ಮಕ್ಕಳನ್ನು ಇಲ್ಲಿ ಬಿಟ್ಟು ದೋಸೆ ತಿನ್ನುತ್ತಿದ್ದರು. ಅಕ್ಕ–ಭಾವನಿಗೆ ಮಕ್ಕಳಿರಲಿಲ್ಲ. ಭಾನುವಾರ ಮಾತ್ರ ಇನ್ನೂರು ಮಕ್ಕಳು.

ಹೀಗಿರುವಾಗ ಮುಂಬಯಿಯ ಹೊರಗೆ ಒಂದು ಭಾರೀ ಅಮ್ಯೂಸ್‌ಮೆಂಟ್ ಪಾರ್ಕು ತೆರೆಯಿತು. ಅಲ್ಲಿ ಮನುಷ್ಯರನ್ನು ತಲೆಕೆಳಗಾಗಿ ನೇತುಹಾಕಿ ತಿರುಗಿಸುತ್ತಾರಂತೆ! ತಲೆಕೆಳಗಾಗುವ ಸುಖವಿರುವಾಗ ನಮ್ಮ ಒಂದೂವರೆ ನಿಮಿಷದ ರೈಲನ್ನು ಯಾರು ಕೇಳುತ್ತಾರೆ? ಮಕ್ಕಳು ಬರುವುದು ನಿಂತಿತು. ಜಾಗದ ಮಾಲೀಕರು ಮುಂದಿನ ಮಳೆಗಾಲದೊಳಗೆ ಗಾರ್ಡನ್ ಮತ್ತೆ ತುಂಬದಿದ್ದರೆ ಮದುವೆ ಹಾಲ್ ಕಟ್ಟಿಸುವವರಿಗೆ ಕೊಟ್ಟುಬಿಡುತ್ತೇನೆ ಎಂದರು. ನಾನು ಒಂದು ಭಾನುವಾರ ಹೋದಾಗ ಭಾವ ಪುಟಾಣಿ ರೈಲಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಒಬ್ಬರೇ ಕೂತು ಸುತ್ತುತ್ತಿದ್ದರು.

“ತುಕ್ಕು ಹಿಡೀತದೆ, ಓಡಿಸ್ತಾ ಇರ್ಬೇಕು” ಎಂದರು. ಆಮೇಲೆ ಇಳಿದು, “ಮಕ್ಕಳಿಲ್ಲದ ಜೋಕಾಲಿ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ” ಎಂದರು. ನಾನು ನಗಲಿಲ್ಲ.

ಆ ಕಾಲಕ್ಕೆ ಸರಿಯಾಗಿ, ವಡಾಲದ ನಮ್ಮ ಬಿಲ್ಡಿಂಗಿನ ಮೇಲಿನ ಮಾಳಿಗೆಯ ಪಂಜಾಬಿ ಗೃಹಸ್ಥರು ದುಬೈಯಿಂದ ಟೀವಿಗೆ ಜೋಡಿಸುವ ವಿಡಿಯೋ ಗೇಮ್ ತಂದರು. ಹತ್ತು ವರ್ಷದ ನನ್ನ ಮಗಳು ಅಲ್ಲೇ ಬೀಡುಬಿಟ್ಟಳು. ಊಟಕ್ಕೆ ಬಂದಿದ್ದ ಭಾವ “ಮಗುವನ್ನು ಕರ್ಕೊಂಡು ಬರ್ತೇನೆ” ಎಂದು ಮೇಲೆ ಹೋದವರು ಅರ್ಧ ಗಂಟೆಯಾದರೂ ಇಳಿಯಲಿಲ್ಲ. ನಾನು ಹೋಗಿ ನೋಡಿದರೆ, ಟೀವಿಯ ಮುಂದೆ ಚಕ್ಕಳ ಮಕ್ಕಳ ಹಾಕಿ, ಬಾಯಿ ತೆರೆದು ಕೂತಿದ್ದಾರೆ!

ಟೀವಿಯಲ್ಲಿ ಒಂದು ಪ್ರಾಣಿ. ಹಸಿರು ಬಣ್ಣ, ಗುಂಡು ಮೈ, ಅಗಲ ಕಿವಿ, ಹೊರಗೆ ಚಾಚಿದ ಎರಡು ಹಲ್ಲು, ತಲೆಗೆ ಹಳದಿ ಟೊಪ್ಪಿ. ಹಣ್ಣು ಹೆಕ್ಕುತ್ತಾ ಓಡುವುದು, ಹಾರುವುದು, ಹೊಂಡಕ್ಕೆ ಬೀಳುವುದು, ಇಷ್ಟೇ ಅದರ ಸಂಸಾರ.

“ಇದು ಎಂತ ಪ್ರಾಣಿ ಮಗಾ?”

“ಮಾಲೂಮ್ ನಹೀಂ ಮಾಮಾ. ಕುಛ್ ಭೀ ಹೈ.”

“ಅಯ್ಯೋ, ಬಿತ್ತಲ್ಲ! ಸತ್ತೇ ಹೋಯ್ತಾ?”

“ಟೆನ್ಶನ್ ಮತ್ ಲೋ ಮಾಮಾ. ಅದಕ್ಕೆ ತೀನ್ ಲೈಫ್ ಇದೆ. ಮೂರು ಸಲ ಬಿದ್ರೇನೇ ಖತಮ್.”

ಭಾವನಿಗೆ ಆ ದಿನ ಊಟ ಸೇರಲಿಲ್ಲ. “ಹೊಂಡಕ್ಕೆ ಬಿದ್ರೂ ನಗಾಡಿಕೊಂಡೇ ಎದ್ದು ಬರ್ತದೆ ಮಾರಾಯ! ಮತ್ತೆ ಮೊದಲಿಂದ ಶುರು! ಅದು ನಮ್ಮ ಹೋಟೆಲಿನವರ ಪೈಕಿಯೇ ಇರ್ಬೇಕು” ಎಂದರು. ಸಾರು ಮುಗಿಯುವಷ್ಟರಲ್ಲಿ ಅದಕ್ಕೆ ಗುಂಡ ಎಂದು ಹೆಸರಿಟ್ಟಾಯಿತು. ಮಜ್ಜಿಗೆಯ ಹೊತ್ತಿಗೆ ಗಾರ್ಡನ್ನಿನ ಗೇಟಿನಲ್ಲಿ ಏಳಡಿಯ ಗುಂಡನನ್ನು ನಿಲ್ಲಿಸುವುದೆಂದು ತೀರ್ಮಾನವೂ ಆಯಿತು.

ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಪ್ರಶ್ನೆ ಕೇಳಿದವಳು ನನ್ನ ಮಗಳೊಬ್ಬಳೇ. “ಲೇಕಿನ್ ಮಾಮಾ, ಇದು ಬೇರೆಯವ್ರದ್ದು ಹೈ ನಾ? ಪೂಛನಾ ನಹೀಂ ಪಡೇಗಾ?”

ಕೇಳಬೇಕಾಗುತ್ತದೆಯೇ ಎಂದು ಭಾವನಿಗೇ ಪಾಠ! ಅವರ ಮುಖ ಹೊಳೆಯಿತು. “ಹೌದು ಮಗಾ, ಕೇಳದೆ ತೆಗೆಯುದು ಸರಿಯಲ್ಲ. ಗೇಮ್ ಯಾರದ್ದು?” ಎಂದರು. ಮಗಳು ಮೇಲಕ್ಕೆ ಬೆರಳು ತೋರಿಸಿದಳು. ಮರುವಾರ ಭಾವ ಒಂದು ಪೊಟ್ಟಣ ಮೈಸೂರುಪಾಕು ಹಿಡಿದು, ಇಸ್ತ್ರಿ ಮಾಡಿದ ಶರ್ಟು ಹಾಕಿ, ಪಂಜಾಬಿಯ ಮನೆಗೆ ಹೋದರು. ಗುಂಡನನ್ನು ಗೇಟಿನಲ್ಲಿ ನಿಲ್ಲಿಸಬಹುದೇ ಎಂದು ಕೈ ಜೋಡಿಸಿ ಕೇಳಿದರು. ಪಂಜಾಬಿಗಳ ಔದಾರ್ಯ ಕೇಳಬೇಕೇ? “ಲೇ ಜಾಯಿಯೇ ಜೀ, ಆಪ್ ಹೀ ಕಾ ಹೈ!”, ಒಯ್ಯಿರಿ, ನಿಮ್ಮದೇ, ಎಂದು ಗೇಮಿನ ಡಬ್ಬಿಯನ್ನೇ ಚಿತ್ರಸಮೇತ ಕೊಟ್ಟು, ಕೇಳಿದ್ದಕ್ಕೆ ಒಂದು ಚೀಟಿಯನ್ನೂ ಬರೆದುಕೊಟ್ಟರು. ದುಬೈಯ ಅಂಗಡಿಯಲ್ಲಿ ಡಬ್ಬಿ ಕೊಂಡವರು ಅದರೊಳಗಿನ ಪ್ರಾಣಿಯ ಯಜಮಾನರಲ್ಲ ಎಂಬುದು ಭಾವನಿಗೂ ಹೊಳೆಯಲಿಲ್ಲ, ಪಂಜಾಬಿಗೂ ಹೊಳೆಯಲಿಲ್ಲ, ಬ್ಯಾಂಕಿನಲ್ಲಿ ಕೂತು ದಿನವಿಡೀ ಸಹಿ ಪರೀಕ್ಷಿಸುವ ನನಗೂ ಹೊಳೆಯಲಿಲ್ಲ!

ಆಮೇಲೆ ಅಪ್ಪಣೆಯ ದಿಗ್ವಿಜಯ ಶುರುವಾಯಿತು. ಜಾಗದ ಮಾಲೀಕರು, ವಾರ್ಡ್ ಆಫೀಸು, ಮಾರ್ವೆಯ ಮೀನುಗಾರರ ಮುಖಂಡ ಪಾಟೀಲ, ಗೇಟಿನ ಪಕ್ಕದ ಎಳನೀರಿನವನು, ಹೀಗೆ ಪಂಜಾಬಿಯೂ ಸೇರಿ ಹನ್ನೊಂದು ಜನ. ಎಳನೀರಿನವನಿಂದ ಯಾಕೆ? ಗುಂಡನ ನೆರಳು ಸಂಜೆ ಅವನ ಗಾಡಿಯ ಮೇಲೆ ಬೀಳುತ್ತದಲ್ಲ! “ನೆರಳು ಬಿದ್ದರೆ ಒಳ್ಳೆಯದೇ ಶೇಟ್” ಎಂದು ಅವನು ಹೆಬ್ಬೆಟ್ಟು ಒತ್ತಿದ. ಊರಿನಿಂದ ಭಟ್ಟರ ಕಾರ್ಡೂ ಬಂತು. ‘ಹಸಿರು ಬಣ್ಣದ ಪ್ರಾಣಿಯ ವಿಷಯ ಅರ್ಥವಾಗಲಿಲ್ಲ. ಆದರೂ ಕೇಳಿದ್ದೇವೆ. ಹೂವು ಬಲಕ್ಕೆ ಬಿದ್ದಿದೆ.’

ಗುಂಡನನ್ನು ಮಾಡಿದವರು ಲಾಲ್‌ಬಾಗಿನ ಒಬ್ಬ ಗಣಪತಿ ಮೂರ್ತಿಕಾರರು. ಮೂರು ತಲೆಮಾರಿನಿಂದ ಗಣಪತಿಯನ್ನಲ್ಲದೆ ಬೇರೇನನ್ನೂ ಮಾಡದ ಮನೆತನ. ಚೌತಿ ಕಳೆದು ಕೆಲಸವಿಲ್ಲದ ಕಾಲ, ಒಪ್ಪಿಕೊಂಡರು. ಡಬ್ಬಿಯ ಚಿತ್ರವನ್ನು ಗೋಡೆಗೆ ಅಂಟಿಸಿ ಪ್ಲಾಸ್ಟರ್ ಕಲಸಿದರು. ತಿಂಗಳ ಮೇಲೆ ಟೆಂಪೋದಲ್ಲಿ ಗುಂಡ ಬಂದಿಳಿದ. ಹಸಿರು ಹೌದು, ಟೊಪ್ಪಿ ಹೌದು, ಹಲ್ಲೂ ಎರಡು ಹೌದು. ಆದರೆ ಹೊಟ್ಟೆ ಲಂಬೋದರನದು, ಕಿವಿ ಎರಡು ಮೊರ. ಬಲಗೈ ಎತ್ತಿ ಅಭಯ ಕೊಡುತ್ತಿದ್ದಾನೆ, ಎಡಗೈಯಲ್ಲಿ ಹಣ್ಣಿನ ಬದಲು ಮೋದಕ!

“ಇದೆಂತ ಮಾಡಿದ್ದು ನೀವು?” ಎಂದು ಭಾವ ಹಿಂದಿಯಲ್ಲಿ ಅಳುವಂತಾದರು.

ಮೂರ್ತಿಕಾರರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು, “ಕಾಯ್ ಕರೂ ಶೇಟ್, ಹಾತ್ ದುಸರಂ ಕಾಹೀ ಐಕತಚ್ ನಾಹೀ” ಎಂದರು. ಏನು ಮಾಡಲಿ, ಈ ಕೈಗಳು ಬೇರೆ ಮಾತೇ ಕೇಳುವುದಿಲ್ಲ! ಇಂಥ ಕೈಗಳ ಮೇಲೆ ಸಿಟ್ಟು ಮಾಡುವುದು ಹೇಗೆ?

ಆದರೆ ಗುಂಡ ಗೆದ್ದ. ಮಕ್ಕಳು ಗೇಟಿನಿಂದಲೇ ಕಿರುಚಿಕೊಂಡು ಓಡಿಬರತೊಡಗಿದರು. ಒಬ್ಬನ ಬಾಯಿಂದ ಇನ್ನೊಬ್ಬನಿಗೆ ಸುದ್ದಿ ಮುಟ್ಟಿ, ಮೂರೇ ಭಾನುವಾರದಲ್ಲಿ ಪುಟಾಣಿ ರೈಲಿಗೆ ಸಾಲು ನಿಂತಿತು. ಗೇಮ್ ಗೊತ್ತಿದ್ದ ಮಕ್ಕಳು ಅವನ ಹೊಟ್ಟೆಗೆ ಗುದ್ದಿ ಹಾರುತ್ತಿದ್ದರು. ಗೇಮ್ ಗೊತ್ತಿಲ್ಲದ ಅಜ್ಜಿಯಂದಿರು ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು! ಕಾಲ ಬುಡದಲ್ಲಿ ದಿನಾ ದಾಸವಾಳ, ಗರಿಕೆ. ಒಬ್ಬ ಗುಜರಾತಿ ಹೆಂಗಸು ತೆಂಗಿನಕಾಯಿಯನ್ನೇ ಒಡೆದರು. ಭಾವ ಗಾಬರಿಯಾಗಿ ‘ಯಹ್ ಭಗವಾನ್ ನಹೀಂ ಹೈ’, ಇದು ದೇವರಲ್ಲ, ಎಂದು ಬೋರ್ಡು ಬರೆಸಿ ನೇತುಹಾಕಿದರು. ಮಾರನೆಯ ದಿನ ನೋಡಿದರೆ, ಬೋರ್ಡಿಗೂ ಕುಂಕುಮ ಹಚ್ಚಿದ್ದಾರೆ!

ಆ ದಿನಗಳಲ್ಲಿ ಭಾವ ಎಷ್ಟು ಸುಖವಾಗಿದ್ದರು ಎಂದು ಹೇಳಲು ನನಗೆ ಬರುವುದಿಲ್ಲ. ರೈಲಿನ ಪಕ್ಕದಲ್ಲಿ ತಾವೂ ಓಡುತ್ತಿದ್ದರು, ಇಳಿದ ಪ್ರತಿ ಮಗುವನ್ನೂ “ಖುಷಿಯಾಯ್ತಾ?” ಎಂದು ಕನ್ನಡದಲ್ಲೇ ಕೇಳುತ್ತಿದ್ದರು. ಮಕ್ಕಳು ಅರ್ಥವಾಗದೆ ಹೂಂ ಎನ್ನುತ್ತಿದ್ದವು.

ಒಂದು ದಿನ ಸೂಟು ಹಾಕಿದ ಒಬ್ಬ ಜಪಾನೀಯರು ಬಂದರು. ಗುಂಡನನ್ನು ಕಂಡು ನಿಂತಲ್ಲೇ ನಿಂತರು. ಸುತ್ತ ತಿರುಗಿ, ಮುಂದಿಂದ, ಹಿಂದಿಂದ, ಮೋದಕದ ಕಡೆಯಿಂದ, ಒಂದು ರೋಲ್ ಪೂರ್ತಿ ಫೋಟೋ ತೆಗೆದರು. ವಿದೇಶದ ಭಕ್ತರು ಎಂದು ಭಾವನಿಗೆ ಸಂಭ್ರಮ! ಕರೆದು ಕೂರಿಸಿ ಬಲವಂತದಿಂದ ಎರಡು ಮಸಾಲೆ ದೋಸೆ ತಿನ್ನಿಸಿದರು. ಅವರು ಬಗ್ಗಿ ನಮಸ್ಕರಿಸಿದರು, ಇವರು ಇನ್ನೂ ಬಗ್ಗಿದರು. ಒಂದೂವರೆ ತಿಂಗಳಿಗೆ ಫೋರ್ಟಿನಿಂದ ವಕೀಲರ ನೋಟೀಸು ಬಂತು. ಅವರೇ ಹೇಳಿದರೋ, ಬೇರೆ ಯಾರು ಹೇಳಿದರೋ, ಇಂದಿಗೂ ಗೊತ್ತಿಲ್ಲ. ಭಾವನಂತೂ, “ಅವರಾಗಿರ್ಲಿಕ್ಕಿಲ್ಲ, ಚಟ್ನಿ ಎರಡು ಸಲ ಹಾಕಿಸ್ಕೊಂಡಿದ್ದಾರೆ” ಎಂದು ವಾದಿಸಿದರು.

ನೋಟೀಸಿನ ಸಾರಾಂಶ ಇಷ್ಟು. ಆ ಪ್ರಾಣಿ ಜಪಾನಿನ ಒಂದು ಕಂಪನಿಯ ಸ್ವತ್ತು. ಅನುಮತಿಯಿಲ್ಲದೆ ಬಳಸಿರುವುದು ಕಳವು. ಹದಿನೈದು ದಿನದೊಳಗೆ ನಾಶಮಾಡಿ, ಮಾಡಿದ್ದಕ್ಕೆ ಫೋಟೋ ಒಪ್ಪಿಸತಕ್ಕದ್ದು. ಇಲ್ಲವಾದರೆ ಕೋರ್ಟು.

“ಅನುಮತಿ ಇಲ್ಲದೆ ಅಂತ ಬರೆದಿದ್ದಾರಾ? ನನಗೆ?” ಭಾವ ಮೂರು ಸಲ ಓದಿಸಿದರು. ಕೋರ್ಟಿಗೆ ಹೆದರಲಿಲ್ಲ ಅವರು. ಆ ಒಂದು ಮಾತು ಅವರನ್ನು ಚುಚ್ಚಿತು.

ನಾವಿಬ್ಬರೂ ಫೈಲು ಹಿಡಿದು ಫೋರ್ಟಿಗೆ ಹೋದೆವು. ವಕೀಲರು ವಯಸ್ಸಾದವರು, ಒಳ್ಳೆಯವರು. ಭಾವ ಒಂದೊಂದೇ ಅಪ್ಪಣೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದರು. ಮಾಲೀಕರದು, ವಾರ್ಡ್ ಆಫೀಸಿನದು, ಪಾಟೀಲನದು, ಎಳನೀರಿನವನ ಹೆಬ್ಬೆಟ್ಟು, ಪಂಜಾಬಿಯ ಚೀಟಿ. ವಕೀಲರು ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಓದಿದರು. ಭಟ್ಟರ ಕಾರ್ಡನ್ನು ತಿರುಗಿಸಿ ನೋಡಿ, ಇದೇನು ಎಂದು ನನ್ನನ್ನು ಕೇಳಿದರು. ದೇವಿಯ ಅನುಮತಿ ಎಂದೆ. ಅವರು ಅದನ್ನು ಬಹಳ ಜೋಪಾನವಾಗಿ ವಾಪಸಿಟ್ಟರು. ನಲವತ್ತು ವರ್ಷದ ವಕೀಲಿಯಲ್ಲಿ ಇಷ್ಟು ಕಾಗದ ಇಟ್ಟುಕೊಂಡ ಕಳ್ಳನನ್ನು ನೋಡಿಲ್ಲ ಎಂದು ಹಿಂದಿಯಲ್ಲಿ ಹೇಳಿ, “ಲೇಕಿನ್ ಸೇಠ್, ಜಿಸ್‌ಕಾ ಹೈ ಉಸ್‌ಸೇ ನಹೀಂ ಪೂಛಾ” ಎಂದರು. ವಸ್ತು ಯಾರದ್ದೋ ಅವರನ್ನೇ ಕೇಳಲಿಲ್ಲವಲ್ಲ.

ಭಾವ ಕಾಗದಗಳನ್ನೆಲ್ಲ ಒಟ್ಟುಮಾಡಿ ಫೈಲಿಗೆ ಮತ್ತೆ ದಾರ ಕಟ್ಟಿದರು. ಆಮೇಲೆ, “ಅದನ್ನು ಮೊದಲು ಬಿಡಿಸಿದವರು ಯಾರು, ಕೇಳು ಮಾರಾಯ” ಎಂದರು. ಕೇಳಿದೆ. ಕಂಪನಿ ಎಂದರು ವಕೀಲರು. “ಕಂಪನಿಗೆ ಕೈ ಇರ್ತದಾ? ಯಾರೋ ಒಬ್ಬರು ಕೂತು ಆ ಕಣ್ಣು, ಆ ಹಲ್ಲು ಬರ್ದಿರ್ಬೇಕಲ್ಲ?” ಎಂದರು ಭಾವ. ಅವರ ಹೆಸರು ತಮಗೂ ಗೊತ್ತಿಲ್ಲ ಎಂದು ವಕೀಲರು ಒಪ್ಪಿಕೊಂಡರು. ಭಾವ ಗುಂಡನನ್ನು ನಾಶಮಾಡುತ್ತೇನೆಂಬ ಮುಚ್ಚಳಿಕೆಗೆ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ, ಎದ್ದುಬಿಟ್ಟರು.

ಸಹಿಯೇನೋ ಹಾಕಿದ್ದಾಯಿತು, ಗುಂಡನನ್ನು ಒಡೆಯುವವರು ಯಾರು? ಅಡುಗೆಯವನು ಸುತ್ತಿಗೆ ಮುಟ್ಟಲಿಲ್ಲ. ಎಳನೀರಿನವನು ಕತ್ತಿಯನ್ನು ಅಡಗಿಸಿಟ್ಟ. ಮೂರ್ತಿಕಾರರು “ನಾವು ಮಾಡುವವರು, ಒಡೆಯುವವರಲ್ಲ” ಎಂದು ಹೇಳಿ ಕಳಿಸಿದರು. ಕೊನೆಗೆ ಮೀನುಗಾರರ ಪಾಟೀಲನೇ ದಾರಿ ತೋರಿಸಿದ. ಕೈಮುಗಿಸಿಕೊಂಡವನನ್ನು ಒಡೆಯಬಾರದು, ನೀರಿಗೆ ಬಿಡಬೇಕು!

ಹೀಗೆ ಜನವರಿ ತಿಂಗಳ ಒಂದು ಸಂಜೆ ಕೈಗಾಡಿಯ ಮೇಲೆ ಗುಂಡನ ಮೆರವಣಿಗೆ ಹೊರಟಿತು. ಮುಂದೆ ಮಕ್ಕಳು, ಹಿಂದೆ ಅಜ್ಜಿಯಂದಿರು. ದಾರಿಯಲ್ಲಿ ಹವಾಲ್ದಾರ ಲಾಠಿ ಅಡ್ಡ ಹಿಡಿದ. ಜನವರಿಯಲ್ಲಿ ಯಾವ ವಿಸರ್ಜನೆ, ಪರ್ಮಿಷನ್ ಎಲ್ಲಿ? ಭಾವ ಜೇಬಿನಿಂದ ವಕೀಲರ ನೋಟೀಸು ತೆಗೆದು ಕೊಟ್ಟರು. ಈ ಒಂದು ಕೆಲಸಕ್ಕೆ ಮಾತ್ರ ಸಾಕ್ಷಾತ್ ಯಜಮಾನರದ್ದೇ ಲಿಖಿತ ಅಪ್ಪಣೆ ಇತ್ತು! ಹವಾಲ್ದಾರ ಇಂಗ್ಲಿಷ್ ಟೈಪಿಗೆ ಸಲಾಮು ಹೊಡೆದು ದಾರಿ ಬಿಟ್ಟ.

ಪಾಟೀಲನ ದೋಣಿಯಿಂದ ಗುಂಡನನ್ನು ಇಳಿಬಿಟ್ಟರು. ಮುಳುಗಿದ. ಒಳಗೆ ಟೊಳ್ಳಲ್ಲವೇ, ಹಳದಿ ಟೊಪ್ಪಿ ಮತ್ತೆ ಮೇಲೆ ಬಂತು! ದಂಡೆಯಲ್ಲಿ ಮಕ್ಕಳು ಹೋ ಎಂದರು. ಮತ್ತೆ ಮುಳುಗಿದ, ಮತ್ತೆ ಎದ್ದ. ನನ್ನ ಮಗಳು ‘ಏಕ್, ದೋ’ ಎಂದು ಲೆಕ್ಕ ಹಾಕುತ್ತಿದ್ದಳು. ಮೂರನೆಯ ಸಲ ಮುಳುಗಿದವನು ಏಳಲಿಲ್ಲ. ಅವಳು ಮೂರು ಎನ್ನದೆ ಭಾವನ ಕೈ ಹಿಡಿದುಕೊಂಡಳು. ಫೋಟೋದಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದೇವೆ. ವಕೀಲರು ಅದನ್ನೇ ಜಪಾನಿಗೆ ಕಳಿಸಿದರು.

ಮಕ್ಕಳು ಕೆಲವು ಭಾನುವಾರ ಬಂದು, ಗುಂಡ ಎಲ್ಲಿ ಎಂದು ಕೇಳಿ, ಆಮೇಲೆ ಬರುವುದು ಬಿಟ್ಟವು. ಮಳೆಗಾಲಕ್ಕೆ ಮೊದಲೇ ಗಾರ್ಡನ್ ಹೋಯಿತು. ಭಾವ ಯಾರನ್ನೂ ಬೈಯಲಿಲ್ಲ. ನನ್ನ ಹತ್ತಿರ ಒಂದೇ ಒಂದು ಕೆಲಸ ಹೇಳಿದರು.

“ನೀನು ಇಂಗ್ಲಿಷಿನಲ್ಲಿ ಒಂದು ಕಾಗದ ಬರಿ. ಕಂಪನಿಗಲ್ಲ, ಅದನ್ನು ಬಿಡಿಸಿದವರಿಗೆ. ನಿಮ್ಮನ್ನು ಕೇಳದೆ ಕರ್ಕೊಂಡು ಬಂದೆ, ತಪ್ಪಾಯ್ತು ಅಂತ. ನಮ್ಮಲ್ಲಿ ಚೆಂದ ನೋಡಿಕೊಂಡಿದ್ದೇವೆ, ಯಾರೂ ಪೆಟ್ಟು ಕೊಡ್ಲಿಲ್ಲ, ಕಳಿಸುವಾಗ ಕೈಮುಗಿದೇ ಕಳಿಸಿದ್ದು ಅಂತ ಬರಿ.”

ಹೂಂ ಎಂದೆ. ಹೆಸರಿಲ್ಲದ ಮನುಷ್ಯನಿಗೆ ಕಾಗದ ಬರೆಯುವುದುಂಟೇ ಎಂದು ಒಳಗೊಳಗೇ ನಕ್ಕೆ. ಬ್ಯಾಂಕಿನಲ್ಲಿ ಸ್ನೇಹಿತರಿಗೆ ಹೇಳಿ ಅವರನ್ನೂ ನಗಿಸಿದೆ. ಕಾಗದ ಬರೆಯಲಿಲ್ಲ. ಭಾವ ಸಿಕ್ಕಾಗಲೆಲ್ಲ “ಉತ್ತರ ಬಂತಾ?” ಎನ್ನುತ್ತಿದ್ದರು. ಜಪಾನು ದೂರ ಅಲ್ಲವಾ ಭಾವ, ಎನ್ನುತ್ತಿದ್ದೆ.

ಎರಡು ವರ್ಷದ ಮೇಲೆ ಅವರಿಗೆ ಹೃದಯದ ತೊಂದರೆಯಾಗಿ ಬಾಂದ್ರಾದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಆಫೀಸು ಬಿಟ್ಟು ನೇರ ಅಲ್ಲಿಗೆ ಹೋದೆ. ನನ್ನನ್ನು ಕಂಡೊಡನೆ ಅದೇ ಪ್ರಶ್ನೆ.

“ಬಂತು ಭಾವ” ಎಂದೆ. ಹೇಗೆ ಬಾಯಿಗೆ ಬಂತೋ ತಿಳಿಯದು.

“ಹೌದಾ! ಓದು.”

ಜೇಬಿನಲ್ಲಿದ್ದದ್ದು ಬ್ಯಾಂಕಿನ ಒಂದು ಸರ್ಕ್ಯುಲರ್. ಅದನ್ನೇ ಬಿಡಿಸಿ ಹಿಡಿದು ಓದಿದೆ. ನಿಮ್ಮ ಕಾಗದ ತಲುಪಿತು. ಫೋಟೋ ನೋಡಿದೆ. ಅಷ್ಟು ಮಕ್ಕಳನ್ನು ಒಟ್ಟಿಗೆ ನೋಡಿ ಸಂತೋಷವಾಯಿತು. ನನಗೆ ಬೇಸರವಿಲ್ಲ. ಎಂದೂ ಕಾಣದ ಒಬ್ಬ ಮನುಷ್ಯನ ಹೆಸರಿನಲ್ಲಿ, ಅವನನ್ನು ಒಂದು ಮಾತೂ ಕೇಳದೆ, ನಾನೇ ಭಾವನನ್ನು ಕ್ಷಮಿಸುತ್ತಿದ್ದೆ. ಅಕ್ಷರಗಳು ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಕಾಣಿಸಿದ್ದರೂ ಅಲ್ಲಿ ಇದ್ದದ್ದು ರಜೆಯ ನಿಯಮಗಳು.

ಭಾವ ಕಣ್ಣು ಮುಚ್ಚಿಕೊಂಡೇ ಕೇಳಿದರು. ಮುಗಿದ ಮೇಲೆ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.

“ನೋಡು, ಎಷ್ಟು ಒಳ್ಳೆಯವರು. ಮೊದಲೇ ಕೇಳಿದ್ರೆ ಕೊಡ್ತಿದ್ದರು ಮಾರಾಯ. ನಾನೇ ಕೇಳ್ಲಿಲ್ಲ.”